ಪುಕ್ಕಟೆ ಬೆಳೆದ ಕೂಸು

ನನ್ನ ಮೊಮ್ಮಗನಿಗೆ ಏಳು ತಿಂಗಳು. ಹಲ್ಲು ಬರುವ ಮೊದಲೇ ಅವನ ಹೆಸರಿಗೆ ಕೊಟೇಶನ್ ಬಂದಿದೆ!

ಗೋಕಾಕದ ಒಂದು ಡೇ ಕೇರ್‌ನಿಂದ. ತಿಂಗಳಿಗೆ ಐದು ಸಾವಿರ, ಅಡ್ಮಿಶನ್ ಬೇರೆ. ಗೋಡೆ ತುಂಬ ಆನೆ, ಜಿರಾಫೆ. ಮೂಲೆಗೊಂದು ಸಿಸಿ ಕ್ಯಾಮೆರಾ. ಎಲ್ಲ ಚೆಂದ. ಆದರೆ ಸಂಜೆ ಐದೂವರೆಗೆ ಬಾಗಿಲು ಹಾಕುತ್ತಾರೆ. ನನ್ನ ಮಗಳು ವೀಣಾ ಹುಕ್ಕೇರಿಯ ಕಚೇರಿಯೊಂದರಲ್ಲಿ ಗುಮಾಸ್ತೆ. ಅವಳ ಬಸ್ಸು ಗೋಕಾಕ ಮುಟ್ಟುವಾಗ ಆರೂವರೆಯೋ ಏಳೋ. ತಡವಾದರೆ ಅರ್ಧ ಗಂಟೆಗೆ ಇಷ್ಟು ಎಂದು ದಂಡ. (ಕೂಸೋ, ಲೈಬ್ರರಿ ಪುಸ್ತಕವೋ?)

ಇನ್ನೊಂದು ದಾರಿ, ಹಿಂದಿನ ಓಣಿಯ ಶೋಭಾ. ಮನೆಯಲ್ಲೇ ಮೂರು ಕೂಸು ನೋಡಿಕೊಳ್ಳುತ್ತಾಳೆ. ಅವಳದು ನಾಲ್ಕು ಸಾವಿರ. ತಾಯಿ ಬರುವ ತನಕ ಇಟ್ಟುಕೊಳ್ಳುತ್ತಾಳೆ. ಆದರೆ ಅವಳ ಮನೆಯಲ್ಲಿ ಯಾರಿಗಾದರೂ ಜ್ವರ ಬಂದರೆ ಅಂದು ಎಲ್ಲರಿಗೂ ರಜೆ.

ವೀಣಾಳ ಹೆರಿಗೆ ರಜೆ ಮುಗಿಯಲು ಮೂರೇ ದಿನ ಉಳಿದಿತ್ತು. ನೌಕರಿಯನ್ನೇ ಬಿಡುವ ಮಾತು ಮನೆಯಲ್ಲಿ ಶುರುವಾಗಿತ್ತು. (ಅಜ್ಜಿ ಏನು ಮಾಡುತ್ತಾಳೆ ಎಂದು ಕೇಳಬೇಡಿ. ನನ್ನ ಎರಡೂ ಮೊಣಕಾಲು ರಿಪೇರಿಗೆ ಬಂದಿವೆ.)

ನಾನು ಶೋಭಾಳ ಹತ್ತಿರ ಚೌಕಾಸಿಗೆ ನಿಂತೆ.

"ಮೂರ ಸಾವಿರ ಮಾಡ್ಕೋವಾ. ನಮ್ಮ ಕಾಲದಾಗ ಕೂಸು ನೋಡಾಕ ಯಾರೂ ಒಂದ ರೂಪಾಯಿ ತಗೋತಿರ್ಲಿಲ್ಲ."

"ಆ ಕಾಲ ಹೋತ್ರಿ ಅಕ್ಕೋರ," ಎಂದಳು.

ಹೌದು, ಹೋಯಿತು. ಎಂಥ ಕಾಲ ಅದು!

ನಾನಾಗ ತುಕ್ಕಾನಟ್ಟಿಯ ಶಾಲೆಯಲ್ಲಿ ಶಿಕ್ಷಕಿ, ಜನರ ಬಾಯಲ್ಲಿ 'ಅಕ್ಕೋರು'. ವಾಸ ಮೂಡಲಗಿಯಲ್ಲಿ. ಪಕ್ಕದ ಮನೆಯ ನೀಲವ್ವ ಬೆಳಿಗ್ಗೆ ಲಿಂಗಪೂಜೆ ಮುಗಿಸಿ, ಬೆರಳಿನಲ್ಲಿ ಉಳಿದ ವಿಭೂತಿಯನ್ನೇ ವೀಣಾಳ ಹಣೆಗೆ ಹಚ್ಚಿ ಎತ್ತಿಕೊಂಡು ಹೋಗುತ್ತಿದ್ದಳು. ಸಂಜೆ ನಾನು ಬಂದರೆ ಕೂಸು ಹೆಚ್ಚಾಗಿ ಹಳೆಯ ಇಳಕಲ್ ಸೀರೆಯ ತೊಟ್ಟಿಲಲ್ಲಿ ನಿದ್ದೆ ಮಾಡುತ್ತಿರುತ್ತಿತ್ತು. ಹೊಟ್ಟೆ ತುಂಬಿರುತ್ತಿತ್ತು, ನೆತ್ತಿಗೆ ಎಣ್ಣೆ ಬಿದ್ದಿರುತ್ತಿತ್ತು. ಎತ್ತಿಕೊಂಡರೆ ಮೈಯೆಲ್ಲ ಅವರ ಒಲೆಯ ಹೊಗೆಯ ವಾಸನೆ.

ಒಮ್ಮೆ ಪಗಾರದ ದಿನ ಅವಳ ಕೈಗೆ ನೋಟು ಇಟ್ಟೆ. ಸಿಟ್ಟಾದಳು.

"ಕೂಸು ಆಡಿಸಿದ್ದಕ್ಕ ಕೂಲಿ ಕೊಡ್ತೀರೇನ್ರಿ? ಇಟ್ಕೋರಿ ಒಳಗ."

ಪಂಚಮಿಗೆ ಒಂದು ಕುಬಸದ ಖಣ ಕೊಟ್ಟರೆ ಮಾತ್ರ ಬೇಡ ಎನ್ನುತ್ತಿರಲಿಲ್ಲ.

ನೀಲವ್ವ ಈಗಿಲ್ಲ. ಮಗಳು ಕಸ್ತೂರಿ ಲಗ್ನವಾದ ಮೇಲೂ ಮೂಡಲಗಿಯಲ್ಲೇ ಇದ್ದಾಳೆ. ಅಂಥ ಹೆಂಗಸು ಯಾರಾದರೂ ಗೊತ್ತಿದ್ದರೆ ಹೇಳಲಿ ಎಂದು ಭಾನುವಾರ ಕರದಂಟಿನ ಡಬ್ಬಿ ಹಿಡಿದು ಮೂವರೂ ಹೋದೆವು. ಮೊಮ್ಮಗ ದಾರಿಯುದ್ದಕ್ಕೂ ಅತ್ತ. ಬಸ್ಸಿನಲ್ಲಿ ಎಲ್ಲರೂ ಒಂದೊಂದು ಮನೆಮದ್ದು ಹೇಳಿದರು. ಕಸ್ತೂರಿ ಹೆಗಲಿಗೆ ಹಾಕಿಕೊಂಡು ಬೆನ್ನು ತಟ್ಟಿದ್ದೇ ತಡ, ಗಪ್ ಚಿಪ್!

"ನಿಮ್ಮ ಅವ್ವನ ಕೈಗುಣ ನೋಡ," ಎಂದೆ.

ಕಸ್ತೂರಿ ನಕ್ಕಳು. "ಅವ್ವ ಎಲ್ಲಿ ನೋಡ್ತಿದ್ಳ್ರಿ ಅಕ್ಕೋರ? ನೀವು ಬಸ್ ಹತ್ತಿದ್ರಿ ಅಂದ್ರ ಆಕಿ ಕಳೆ ತಗ್ಯಾಕ ಹೊಲಕ್ಕ ಹೋಗ್ತಿದ್ಳು. ನೀವು ಬರೂದ್ರಾಗ ತಿರುಗಿ ಬರ್ತಿದ್ಳು. ವೀಣಾನ್ನ ಆಡಿಸಿದಾಕಿ ನಾನ."

"ಮತ್ತ ನಿನ್ನ ಸಾಲಿ?"

"ನಾಕನೇ ಇಯತ್ತೆಗೆ ಬಿಟ್ಟೆ. ಅಕ್ಕೋರ ಕೂಸು, ಒಲ್ಲೆ ಅನ್ನಾಕ ಬರೂದಿಲ್ಲ ಅಂದ್ಳು ಅವ್ವ. ಇರ್ಲಿ ಬಿಡ್ರಿ, ಈಗ ನನ್ನ ಮಗಳು ಅರಭಾವಿ ಕಾಲೇಜಿಗೆ ಹೋಗಾಕತ್ತಾಳ. ಚಾ ಆರತೈತಿ, ಕುಡೀರಿ."

ಅವಳ ದನಿಯಲ್ಲಿ ದೂರು ಇರಲಿಲ್ಲ.

ಅದೇ ವರ್ಷಗಳಲ್ಲಿ ನಾನು ತುಕ್ಕಾನಟ್ಟಿಯ ಮನೆ ಮನೆ ತಿರುಗಿ, ಹೆಣ್ಣುಮಕ್ಕಳನ್ನು ಶಾಲೆ ಬಿಡಿಸಬೇಡಿ ಎಂದು ತಂದೆತಾಯಿಗಳಿಗೆ ಜಬರಿಸುತ್ತಿದ್ದೆ. ಸಂಜೆ ಕಸ್ತೂರಿಯ ಸೊಂಟದ ಮೇಲೆ ನನ್ನ ಕೂಸನ್ನು ಎಷ್ಟು ಸಲ ನೋಡಿಲ್ಲ? ಶಾಲೆ ಮುಗಿಸಿ ಬಂದು ಎತ್ತಿಕೊಂಡಿದ್ದಾಳೆ ಅಂದುಕೊಂಡೆ. ನಿಜ ಹೇಳಬೇಕೆಂದರೆ, ಹಾಗೆ ಅಂದುಕೊಳ್ಳುವುದೇ ನನಗೆ ಅನುಕೂಲವಾಗಿತ್ತು. ಕೇಳಿದ್ದರೆ ನನ್ನ ನೌಕರಿ ನಡೆಯುತ್ತಿರಲಿಲ್ಲ. ನಾಚಿಕೆಯಾಯಿತು.

ತಿರುಗಿ ಬರುವ ಬಸ್ಸಿನಲ್ಲಿ ವೀಣಾ, ಊರು ಹತ್ತಿರ ಬಂದಾಗ, "ಅವ್ವಾ, ಶೋಭಾಗ ಆಕಿ ಕೇಳಿದಷ್ಟ ಕೊಡೂಣು," ಎಂದಳು.

ಸೋಮವಾರ ವೀಣಾ ಹುಕ್ಕೇರಿ ಬಸ್ಸು ಹತ್ತಿದಳು. ನಾನು ಕೂಸನ್ನು ಬಿಡಲು ಶೋಭಾಳ ಮನೆಗೆ ಹೋದೆ. ಅವಳ ಮಗಳು ಎರಡು ಜಡೆ ಹಾಕಿಸಿಕೊಳ್ಳುತ್ತಿದ್ದಳು. ಆ ಹುಡುಗಿ ಪಾಟಿಚೀಲ ಹೆಗಲಿಗೇರಿಸಿ ಓಣಿ ದಾಟುವ ತನಕ ನಾನು ಹೊಸ್ತಿಲು ಬಿಟ್ಟು ಕದಲಲಿಲ್ಲ.

ನಿಮ್ಮ ಮನೆಯ ಕೂಸನ್ನೂ ಯಾರಾದರೂ ಪುಕ್ಕಟೆ ನೋಡಿಕೊಂಡಿದ್ದರೆ, ಅವರು ಎಷ್ಟನೇ ಇಯತ್ತೆಗೆ ಶಾಲೆ ಬಿಟ್ಟರು ಎಂದು ಕೇಳಿದ್ದೀರಾ?