ಮಾಮಾನ ಜೋಡಿ ಸಿಂಗಾಪುರ ನೋಡಿದ ದಿನ

ಹೋದ ತಿಂಗಳು ಧಾರವಾಡದಿಂದ ಹುಬ್ಬಳ್ಳಿಗೆ ಬಸ್ಸಿನಲ್ಲಿ ಬರುತ್ತಿದ್ದೆ. ನವನಗರ ದಾಟಿದ ಮೇಲೆ ಚಾಲಕ ಒಮ್ಮೆಲೇ ಬಸ್ಸಿನ ವೇಗ ಹೆಚ್ಚಿಸಿದ. ಮುಂದಿನ ಸೀಟಿನ ಕೆಳಗಿಂದ ಒಂದು ಬಾಟಲಿ ಉರುಳಿ ಬಂದು ನನ್ನ ಪಾದಕ್ಕೆ ತಾಗಿತು. ಕುಡಿಯುವ ನೀರಿನ ಬಾಟಲಿಯೇ, ಆದರೆ ಒಳಗೆ ನೀರಿರಲಿಲ್ಲ. ಕಂದು ಬಣ್ಣದ ರಸ, ಮೇಲೆ ನೊರೆ, ತಳದಲ್ಲಿ ಅಡಿಕೆಯ ಚೂರು. ಮುಚ್ಚಳ ಸಡಿಲವಿತ್ತೇನೋ, ಒಂದು ಹನಿ ಚಪ್ಪಲಿಯ ಪಟ್ಟಿಯ ಮೇಲೆ ಬಿತ್ತು. ಮುಂದೆ ಕೂತಿದ್ದವನು ಹಿಂದಿರುಗಿ ನೋಡದೆ, ಕಾಲಿನಿಂದಲೇ ಅದನ್ನು ತನ್ನ ಕಡೆ ಎಳೆದುಕೊಂಡ. ಆಮೇಲೆ ವಾಸನೆ ಬಂತು. ಕಾಚು, ಅಗ್ಗದ ಅತ್ತರು, ತಂಬಾಕು, ಎಂಜಲು... ತಡೆಯಲಾರದೆ ಉಣಕಲ್ಲಿನಲ್ಲೇ ಇಳಿದುಬಿಟ್ಟೆ.

ಇಳಿದು, ಬೇರೆ ಬಸ್ಸಿಗೆ ಕಾಯುತ್ತ ನಿಂತಾಗ ಮಾಮಾ ನೆನಪಾದರು. ತೀರಿಕೊಂಡವರನ್ನು ನೆನೆಯಲು ಇದಕ್ಕಿಂತ ಹೊಲಸು ದಾರಿ ಇರಲಿಕ್ಕಿಲ್ಲ. ಏನು ಮಾಡಲಿ, ನನ್ನ ಬಳಿ ಅವರು ಬರುವುದೇ ಈ ದಾರಿಯಿಂದ.

ಮಾಮಾ ಅಂದರೆ ನಮ್ಮ ಅವ್ವನ ತಮ್ಮ. ಹೆಬ್ಬಳ್ಳಿಯ ಹೊಲವನ್ನು ಅಣ್ಣಂದಿರಿಗೆ ಬಿಟ್ಟು ಹುಬ್ಬಳ್ಳಿಗೆ ಬಂದು, ಯಾರದೋ ವರ್ಕ್‌ಶಾಪಿನಲ್ಲಿ ಲೇತ್ ಮಶೀನಿನ ಮೇಲೆ ಕಬ್ಬಿಣ ಕಡೆಯುವ ಕೆಲಸ ಕಲಿತು, ತೊಂಬತ್ತರ ದಶಕದ ಆರಂಭದಲ್ಲಿ ತಾರಿಹಾಳದ ಕೈಗಾರಿಕಾ ಪ್ರದೇಶದಲ್ಲಿ ತಮ್ಮದೇ ಒಂದು ಶೆಡ್ ಹಾಕಿದರು. ನೀರಿನ ಪಂಪಿನ ಬಿಡಿಭಾಗ ಮಾಡುತ್ತಿದ್ದರು. ಅಪ್ಪ ಹೋದ ಮೇಲೆ ನನ್ನನ್ನು ಓದಿಸಿದವರು ಅವರೇ. ನಾನು ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ ಕೆಲಸ ಕೇಳಿಕೊಂಡು ಹೋದಲ್ಲೆಲ್ಲ, ಹುಡುಗಿ ಮಶೀನಿನ ಮುಂದೆ ನಿಂತು ಏನು ಮಾಡುತ್ತಾಳೆ ಎಂದು ನಕ್ಕು ಕಳಿಸಿದರು. ಮಾಮಾ ನಗಲಿಲ್ಲ.

“ನಾಳಿಂದ ಬಾ. ಓಢಣಿ ಬಿಗಿಯಾಗಿ ಸೊಂಟಕ್ಕ ಕಟ್ಕೊಂಡು ಬಾ, ಮಶೀನಿಗೆ ಸಿಗಬಾರ್ದು” ಅಂದರು. ಅಷ್ಟೇ.

ಇಂಥ ಮನುಷ್ಯನನ್ನು ಕಂಡರೆ ನನಗೆ ಹೇಸಿಗೆಯಾಗುತ್ತಿತ್ತು ಎಂದು ಹೇಗೆ ಹೇಳಲಿ? ಆದರೆ ಆಗುತ್ತಿತ್ತು. ಬೆಳಿಗ್ಗೆ ಶೆಡ್ಡಿನ ಬಾಗಿಲು ತೆರೆಯುವ ಮೊದಲೇ ಒಂದು ಗುಟ್ಕಾ ಚೀಟಿ ಹರಿದು ಬಾಯಿಗೆ ಸುರಿದುಕೊಳ್ಳುತ್ತಿದ್ದರು. ಅಲ್ಲಿಂದ ಮುಂದೆ ದಿನವಿಡೀ ಅವರು ಮಾತಾಡಿದ್ದೆಲ್ಲ ಮುಖ ಮೇಲೆ ಮಾಡಿ, ತುಟಿ ಬಿಗಿಹಿಡಿದು, ರಸ ಚೆಲ್ಲದಂತೆ. ‘ಅದನ್ನ ತಾ’ ಅನ್ನುವುದು ‘ಅಗ್ಗ ಗಾ’ ಎಂದು ಕೇಳುತ್ತಿತ್ತು. ನಾವು ಅದಕ್ಕೇ ಒಗ್ಗಿಕೊಂಡಿದ್ದೆವು. ಗ್ರೈಂಡಿಂಗ್ ಮಶೀನಿನ ಹಿಂದಿನ ಗೋಡೆ ಎದೆಮಟ್ಟಕ್ಕೆ ಕೆಂಪಾಗಿ, ಅದರ ಮೇಲೆ ಕಬ್ಬಿಣದ ಧೂಳು ಕೂತು, ಹಳೆಯ ಗಾಯದ ಹಕ್ಕಳೆಯಂತೆ ಕಾಣುತ್ತಿತ್ತು. ನಾನು ಆ ಗೋಡೆಗೆ ಬೆನ್ನು ಮಾಡಿ ಕೂತು ರೊಟ್ಟಿ ತಿನ್ನುತ್ತಿದ್ದೆ. ಒಮ್ಮೊಮ್ಮೆ ಹಿಂದಿನಿಂದ ‘ಪಿಚಕ್’ ಅನ್ನುವ ಸಪ್ಪಳ ಬರುತ್ತಿತ್ತು. ಬಾಯಲ್ಲಿದ್ದ ತುತ್ತು ಅಲ್ಲೇ ನಿಲ್ಲುತ್ತಿತ್ತು.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾದ ಮೇಲೆ ಮಾಮಾ ಕಂಪ್ಯೂಟರಿನಿಂದ ನಡೆಯುವ ಒಂದು ಹೊಸ ಮಶೀನು ತರಿಸುವ ಮನಸ್ಸು ಮಾಡಿದರು. ತೈವಾನಿನಲ್ಲಿ ಸೋವಿ ಸಿಗುತ್ತದೆ, ಹೋಗಿ ಕಣ್ಣಾರೆ ನೋಡಿ ಬರೋಣ ಎಂದರು. ಇಂಗ್ಲಿಷ್ ಮಾತಾಡಲು ನಾನು ಬೇಕಿತ್ತು. ಇಬ್ಬರೂ ಅಲ್ಲಿಯವರೆಗೆ ವಿಮಾನದ ಮೆಟ್ಟಿಲು ಹತ್ತಿದವರಲ್ಲ. ಮಶೀನು ನೋಡಿ, ಮಾತು ಮುಗಿಸಿ, ತಿರುಗಿ ಬರುವಾಗ ಸಿಂಗಾಪುರದಲ್ಲಿ ವಿಮಾನ ಬದಲಿಸಬೇಕಿತ್ತು. ಬೆಳಿಗ್ಗೆ ಇಳಿದರೆ ರಾತ್ರಿಯ ತನಕ ಅಲ್ಲೇ. ಊರೊಳಗೆ ಹೋಗಲು ಬೇಕಾದ ಪರವಾನಗಿಯನ್ನು ಏಜೆಂಟ್ ಮೊದಲೇ ಮಾಡಿಸಿಕೊಟ್ಟಿದ್ದ.

“ಇಲ್ಲೆ ಕುರ್ಚಿ ಮ್ಯಾಲ ಕುಂತು ಏನ್ ಮಾಡೂದು? ಕೆಳಗ ರೈಲ್ ಐತಂತ. ಊರು ನೋಡಿ ಬರೋಣು ನಡಿ” ಎಂದರು ಮಾಮಾ.

ನನಗೆ ಆದ ಖುಷಿ ಅಷ್ಟಿಷ್ಟಲ್ಲ. ಬೆಂಗೇರಿಯ ನಮ್ಮ ಓಣಿಯಿಂದ ಸಿಂಗಾಪುರ ನೋಡಿದವಳು ನಾನೊಬ್ಬಳೇ ಆಗುತ್ತಿದ್ದೆ. “ಮಾಮಾ, ಇಲ್ಲೆ ಉಗುಳಿದ್ರ ದಂಡಾ ಹಾಕ್ತಾರ್ರಿ. ರೈಲಿನ್ಯಾಗ ತಿನ್ನೂದು, ಕುಡಿಯೂದು ಏನೂ ನಡಿಯಾಂಗಿಲ್ಲ” ಎಂದು ಮೊದಲೇ ಹೇಳಿದೆ. ತಲೆಯಾಡಿಸಿದರು. ಶೌಚಾಲಯಕ್ಕೆ ಹೋಗಿ ಬಂದರು. ಬರುವಾಗ ಎಡಗೆನ್ನೆ ಉಬ್ಬಿತ್ತು. ಚೀಟಿಗಳನ್ನು ಕಾಲುಚೀಲದೊಳಗೆ ಇಟ್ಟುಕೊಂಡು ದೇಶ ದಾಟಿಸಿದ್ದರಂತೆ.

ಆ ರೈಲಿನಷ್ಟು ಸ್ವಚ್ಛವಾದ ಜಾಗವನ್ನು ನಾನು ಅದುವರೆಗೆ ನೋಡಿರಲಿಲ್ಲ. ನೆಲದಲ್ಲಿ ಮುಖ ಕಾಣುತ್ತಿತ್ತು. ಶಾಲೆಯ ಹುಡುಗಿಯರು, ಕೈಚೀಲ ಹಿಡಿದ ಅಜ್ಜಿಯರು, ಯಾರೂ ಜೋರಾಗಿ ಮಾತಾಡುತ್ತಿರಲಿಲ್ಲ. ಅವರ ನಡುವೆ ಮಾಮಾ, ಮುಖ ಮೇಲೆ ಮಾಡಿ, ಕಂಬ ಹಿಡಿದು, ಕಣ್ಣು ಅಗಲಿಸಿ ನಿಂತಿದ್ದರು. ಎರಡು ನಿಲ್ದಾಣ ಕಳೆಯುವುದರೊಳಗೆ ಅವರ ಬಾಯಿ ತುಂಬಿತು. ನನಗೆ ಸನ್ನೆ ಮಾಡಿದರು. ನಾನು ನೋಡದವಳಂತೆ ಕಿಟಕಿಯ ಕಡೆ ತಿರುಗಿದೆ. ಅವರು ನನ್ನ ಕೈಯಲ್ಲಿದ್ದ, ಹೆಚ್ಚುಕಡಿಮೆ ಖಾಲಿಯಾದ ನೀರಿನ ಬಾಟಲಿಯನ್ನು ಕಸಿದುಕೊಂಡು, ಮುಚ್ಚಳ ತೆಗೆದು, ಅದರೊಳಗೆ ಉಗುಳಿದರು.

ಆ ಸದ್ದಿಗೆ ಇಡೀ ಬೋಗಿ ನಮ್ಮತ್ತ ತಿರುಗಿತು. ಪಕ್ಕದಲ್ಲಿ ಕೂತಿದ್ದ ಹೆಂಗಸು ಎದ್ದು ದೂರ ಹೋಗಿ ನಿಂತಳು. ಬಾಯಿ ಮಾಡಲಿಲ್ಲ, ಬೈಯಲಿಲ್ಲ. ಸುಮ್ಮನೆ ಎದ್ದು ಹೋದಳು. ರೈಲು ಅಲುಗಾಡಿತೆಂದು ಮಾಮಾ ಕಂಬ ಹಿಡಿಯಲು ಬಾಟಲಿಯನ್ನು ನನ್ನ ಕೈಗೆ ಕೊಟ್ಟರು. ಅದು ಬೆಚ್ಚಗಿತ್ತು... ಆ ಬಿಸುಪು ಇವತ್ತಿಗೂ ನನ್ನ ಅಂಗೈಯಲ್ಲಿದೆ.

ಅಷ್ಟರಲ್ಲಿ ಸಮವಸ್ತ್ರದ ಒಬ್ಬ ಸಿಬ್ಬಂದಿ ನನ್ನ ಮುಂದೆ ಬಂದು ನಿಂತ. ಬಾಟಲಿ ನೋಡಿದ. ರೈಲಿನಲ್ಲಿ ಚಹಾ ಕುಡಿಯುವಂತಿಲ್ಲ, ದಯವಿಟ್ಟು ಚೀಲದೊಳಗೆ ಇಟ್ಟುಕೊಳ್ಳಿ ಎಂದು ಬಹಳ ಸೌಜನ್ಯದಿಂದ ಹೇಳಿದ. ಅದು ಚಹಾ ಅಲ್ಲ ಎಂದು ಹೇಳುವಷ್ಟು ಇಂಗ್ಲಿಷ್ ನನಗೆ ಬರುತ್ತಿತ್ತು. ಹೇಳುವ ಮುಖ ಇರಲಿಲ್ಲ. ಅವನು ನೋಡುತ್ತ ನಿಂತಿದ್ದ. ಬಾಟಲಿಯನ್ನು ಚೀಲದಲ್ಲಿ ಇಟ್ಟುಕೊಂಡೆ. ಆ ಚೀಲದಲ್ಲಿ ಅವ್ವನಿಗೆಂದು ತೈವಾನಿನಲ್ಲಿ ಕೊಂಡಿದ್ದ ಬಿಳಿ ಶಾಲು ಇತ್ತು.

ಊರಿನ ನಡುವೆ ಇಳಿದಾಗ ಮೊದಲು ಹುಡುಕಿದ್ದು ಕಸದ ಡಬ್ಬಿಯನ್ನು. ಬಾಟಲಿ ತೆಗೆದರೆ ಶಾಲಿನ ಒಂದು ಮೂಲೆ ಕಂದಾಗಿತ್ತು. ಎರಡನ್ನೂ ಎಸೆದೆ. ಆಮೇಲೆ ನದಿಯ ದಂಡೆ, ಆಕಾಶಕ್ಕೆ ಮುಟ್ಟುವ ಕಟ್ಟಡಗಳು, ದೋಣಿಗಳು... ಎಲ್ಲ ಇದ್ದವು. ನಾನು ನೋಡಿದ್ದು ಮಾಮಾ ಯಾವ ಮೂಲೆಯತ್ತ ಹೋಗುತ್ತಾರೆ ಎನ್ನುವುದನ್ನು ಮಾತ್ರ. ಒಂದು ಕಡೆ ದಾರಿಯ ಪಕ್ಕ ಬಿಳಿ ಹರಳುಗಲ್ಲು ಹರವಿ, ನಡುವೆ ನೇರಳೆ ಹೂವಿನ ಗಿಡಗಳನ್ನು ಬೆಳೆಸಿದ್ದರು. ಮಾಮಾ ಆಚೀಚೆ ನೋಡಿ, ಬಗ್ಗಿ, ಹೂವು ನೋಡುವವರಂತೆ ನಟಿಸಿ, ಅಲ್ಲಿ ಉಗುಳಿದರು. ಬಿಳಿ ಕಲ್ಲುಗಳ ಮೇಲೆ ಅದು ಹರಿಯುವುದನ್ನು ಕಂಡೆ. ನನಗೆ ಅಳು ಬಂತು.

“ನಿಮ್ಮ ಜೋಡಿ ಬಂದದ್ದ ನಂದು ತಪ್ಪಾತು ನೋಡ್ರಿ” ಎಂದೆ. ಜೀವನದಲ್ಲಿ ಮೊದಲ ಸಲ ಅವರಿಗೆ ಎದುರಾಡಿದ್ದೆ. ಮಾಮಾ ತಲೆ ತಗ್ಗಿಸಿದರು.

ಮಧ್ಯಾಹ್ನ ತಮಿಳರ ಅಂಗಡಿಗಳಿದ್ದ ಓಣಿಗೆ ಹೋದೆವು. ಹೋಟೆಲಿನಲ್ಲಿ ನನಗೆ ಊಟ, ಅವರಿಗೆ ಇಡ್ಲಿ. ಮಾಮಾ ಬಾಯಿ ಮುಕ್ಕಳಿಸಿ ಬಂದು, ಇಡ್ಲಿಯನ್ನು ನೀರಿನ ಲೋಟದಲ್ಲಿ ಅದ್ದಿ, ಬೆರಳಿನ ತುದಿಯಷ್ಟು ಚೂರನ್ನು ತುಟಿಯ ಸಂದಿಯಿಂದ ಒಳಗೆ ತಳ್ಳಿಕೊಳ್ಳತೊಡಗಿದರು. ಮತ್ತೊಂದು ಚೂರು. ಮತ್ತೊಂದು. ನನ್ನ ಊಟ ಮುಗಿದರೂ ಅವರದು ಅರ್ಧ ಇಡ್ಲಿಯೂ ಆಗಿರಲಿಲ್ಲ. ಚಟ್ನಿಯನ್ನು ಮುಟ್ಟಲೇ ಇಲ್ಲ. ಹೆಚ್ಚುಕಡಿಮೆ ಒಂದು ವರ್ಷದಿಂದ ಶೆಡ್ಡಿನಲ್ಲಿ ಅವರು ನಮ್ಮ ಜೊತೆ ಊಟಕ್ಕೆ ಕೂರುತ್ತಿರಲಿಲ್ಲ. ತೈವಾನಿನಲ್ಲೂ, ಅಲ್ಲಿಯ ಅಡಿಗೆ ತಮಗೆ ಆಗಿಬರುವುದಿಲ್ಲ ಎಂದು ಬರೀ ಹಾಲು ಕುಡಿದಿದ್ದರು. ಯಾಕೆಂದು ನನಗೆ ಈಗ ತಿಳಿಯಿತು.

“ಬಾಯಿ ತಗೀರಿ ಮಾಮಾ.”

ಅವರು ಆಚೆ ನೋಡಿದರು.

“ತಗೀರಿ, ನೋಡೋಣು.”

ತೆಗೆದರು. ಒಂದು ಬೆರಳು ಅಡ್ಡ ಹೋಗುವಷ್ಟು. ಗದ್ದ ನಡುಗುತ್ತಿತ್ತು, ಕೊರಳಿನ ನರಗಳು ಎದ್ದು ಬಂದಿದ್ದವು. “ಇಷ್ಟ ತಗೀತೈತಿ” ಎಂದರು. ಒಳಗೆ ಕೆನ್ನೆಯ ಗೋಡೆ ಸುಣ್ಣ ಬಳಿದಂತೆ ಬೆಳ್ಳಗಿತ್ತು. ಆ ಸಂದಿಯಿಂದ ಬಂದ ವಾಸನೆಗೆ ನಾನು ಹಿಂದಕ್ಕೆ ಸರಿದೆ.

“ಮನ್ಯಾಗ ನಿಮ್ಮ ಅತ್ತೆಗೆ ಹೇಳಬ್ಯಾಡ, ಗಾಬರಿ ಆಗ್ತಾಳ” ಎಂದರು ಮಾಮಾ. ಹಾಗೆ ಹೇಳುತ್ತಲೇ, ನನ್ನ ಕಣ್ಣೆದುರಿಗೇ, ಕಾಲುಚೀಲದಿಂದ ಇನ್ನೊಂದು ಚೀಟಿ ತೆಗೆದರು.

“ಅಲ್ರಿ, ಇಷ್ಟಾದ ಮ್ಯಾಲೂ?”

“ಬಾಯಿ ಉರೀತೈತಿ ನಮ್ಮವ್ವಾ. ಇದನ್ನ ಹಾಕ್ಕೊಂಡ್ರ ಉರಿ ಗೊತ್ತಾಗೂದಿಲ್ಲ.”

ಅದನ್ನು ಅವರ ಕೈಯಿಂದ ಕಿತ್ತುಕೊಂಡು ಎಂಜಲು ತಟ್ಟೆಗಳ ಬುಟ್ಟಿಗೆ ಎಸೆದೆ. ಅವರು ಸಿಟ್ಟಾಗಲಿಲ್ಲ. ಕೈ ತೊಳೆದುಕೊಂಡು ಬಂದು, ನಡಿ ಹೋಗೋಣು ಎಂದರು.

ತಿರುಗಿ ಬರುವ ರೈಲು ಊರು ದಾಟಿದ ಮೇಲೆ ಸುರಂಗದಿಂದ ಮೇಲೇರಿ ಮನೆಗಳ ಎತ್ತರಕ್ಕೆ ಓಡತೊಡಗಿತು. ಸಂಜೆಯ ಬಿಸಿಲು ಒಳಗೆ ಬಿದ್ದಿತ್ತು. ಮಾಮಾ ಬಾಗಿಲ ಗಾಜಿಗೆ ಹಣೆ ಹಚ್ಚಿ ನಿಂತಿದ್ದರು. ಬಾಯಿ ಖಾಲಿ ಇತ್ತು. “ಹಳಿ ಮ್ಯಾಲ ಒಂಚೂರೂ ಸಪ್ಪಳಿಲ್ಲ ನೋಡು. ಕೂಡಿಸೂದಂದ್ರ ಹಿಂಗ ಕೂಡಿಸಬೇಕು” ಎಂದರು. ಒಂದು ನಿಲ್ದಾಣ ದಾಟಿದ ಮೇಲೆ, “ಹೊಸಾ ಮಶೀನು ನೀನ ನಡಸಬೇಕು. ಯಾರ ಏನ ಅಂದ್ರೂ ಬ್ಯಾರೇದವರ ಕೈಗೆ ಕೊಡಾಂಗಿಲ್ಲ” ಎಂದರು. ಮಾಮಾನ ಧ್ವನಿ ಇಷ್ಟು ಮೆತ್ತಗಿದೆ ಎಂದು ನನಗೆ ಆವತ್ತೇ ಗೊತ್ತಾದದ್ದು. ಮುಖ ಮೇಲೆ ಮಾಡದೆ, ನನ್ನ ಕಣ್ಣು ನೋಡಿ ಮಾತಾಡಿದರು. ನಾನು ಬೆಳಗಿನಿಂದ ಆದದ್ದೆಲ್ಲ ಮರೆತೆ.

ವಿಮಾನ ನಿಲ್ದಾಣ ತಲುಪಿದ ಮೇಲೆ ಶೌಚಾಲಯಕ್ಕೆ ಹೋಗಿ ಬಂದರು. ಎಡಗೆನ್ನೆ ಉಬ್ಬಿತ್ತು. ಇನ್ನೊಂದು ಕಾಲುಚೀಲದಲ್ಲೂ ಚೀಟಿ ಇಟ್ಟುಕೊಂಡಿದ್ದರು... ಹುಬ್ಬಳ್ಳಿ ಮುಟ್ಟುವವರೆಗೆ ನಾನು ಅವರ ಜೊತೆ ಮಾತಾಡಲಿಲ್ಲ.

ಊರಿಗೆ ಬಂದ ದಿನವೇ ಅತ್ತೆಗೆ, ಅಂದರೆ ಮಾಮಾನ ಹೆಂಡತಿಗೆ, ಎಲ್ಲ ಹೇಳಿದೆ. ಅವರು ಜೋಳ ಹಸನು ಮಾಡುತ್ತಿದ್ದರು. ಕೈಯಲ್ಲಿದ್ದ ಮೊರ ಕೆಳಗಿಡಲಿಲ್ಲ. “ನನಗ ಗೊತ್ತಿಲ್ಲೇನವ್ವಾ? ದಿನಾ ರೊಟ್ಟಿ ಹಾಲಿನ್ಯಾಗ ನೆನಸಿ, ಕಿವುಚಿ ಕೊಡಾಕಿ ನಾನ ಅಲ್ಲೇನು? ಬರೇ ಹಲ್ಲುನೋವು ಅಂದದ್ದನ್ನ ನಾ ನಂಬೇನಿ ಅಂತ ಅವರು ತಿಳ್ಕೊಂಡಾರ. ಗುಟ್ಕಾ ಬಿಡ್ರಿ ಅಂತ ಕೈ ಮುಗದು ಹೇಳೇನಿ, ಕೇಳವಲ್ರು” ಎಂದರು.

ಇಬ್ಬರೂ ಸೇರಿ ಮಾಮಾನನ್ನು ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಕೆನ್ನೆಯೊಳಗಿನ ಹುಣ್ಣು ಆಗಲೇ ದವಡೆಗೆ ಇಳಿದಿತ್ತು. ದವಡೆಯ ಒಂದು ಭಾಗ ತೆಗೆದರು. ಹೊಸ ಮಶೀನು ಬಂದ ದಿನ ಮಾಮಾ ಮುಖಕ್ಕೆ ಟವೆಲ್ ಸುತ್ತಿಕೊಂಡು ಶೆಡ್ಡಿಗೆ ಬಂದು, ಕುಂಕುಮ ಹಚ್ಚಿ, ಗುಂಡಿ ಒತ್ತಲು ನನಗೆ ಸನ್ನೆ ಮಾಡಿದರು. ಅದಾದ ಮೇಲೆ ಹಾಸಿಗೆ ಹಿಡಿದರು. ಅವರ ಕೋಣೆಗೆ ಹೋಗುವಾಗ ನಾನು ಹೊಸ್ತಿಲಲ್ಲೇ ದೊಡ್ಡದಾಗಿ ಉಸಿರೆಳೆದುಕೊಂಡು ಒಳಗೆ ಕಾಲಿಡುತ್ತಿದ್ದೆ. ಗಾಯ ಕೊಳೆಯುವ ವಾಸನೆ ಅಂಥದು. ಅತ್ತೆ ಮಾತ್ರ ಮೂಗಿಗೆ ಸೆರಗು ಹಿಡಿಯದೆ, ದಿನಕ್ಕೆ ಎಷ್ಟೋ ಸಲ ಅದನ್ನು ಒರೆಸುತ್ತಿದ್ದರು. ಒಂದು ದಿನ ನಸುಕಿನಲ್ಲಿ ಮಾಮಾ ಹೋದರು.

ದಿನಕರ್ಮಕ್ಕೆ ತಾರಿಹಾಳದ ಅರ್ಧ ಜನ ಬಂದಿದ್ದರು. ಊಟ ಮಾಡಿ, ಹೊರಗೆ ಕಾಂಪೌಂಡಿನ ನೆರಳಲ್ಲಿ ನಿಂತು, ಛಲೋ ಮನಷ್ಯಾ, ಪಾಪ, ಹೋಗೂ ವಯಸ್ಸಲ್ಲ ಎನ್ನುತ್ತಿದ್ದರು. ಎನ್ನುತ್ತಲೇ ಒಬ್ಬರು ಕಿಸೆಯಿಂದ ಚೀಟಿ ತೆಗೆದರು. ಇನ್ನೊಬ್ಬರು ಕೈ ಚಾಚಿದರು. ಆಮೇಲೆ ಆ ಸದ್ದು. ನಮ್ಮ ಗೋಡೆಯ ಮೇಲೆ, ಸಾಲಾಗಿ. ಸಿಂಗಾಪುರದ ರೈಲಿನಲ್ಲೂ ನನಗೆ ಅಷ್ಟು ಅಸಹ್ಯವಾಗಿರಲಿಲ್ಲ. ನಾನು ಏನಾದರೂ ಅನ್ನುವ ಮೊದಲೇ ಅತ್ತೆ ಬಾಗಿಲಿಗೆ ಬಂದರು.

“ಹೊರಗ್ಯಾಕ ಉಗುಳ್ತೀರ್ರಿ? ಒಳಗ ಅವರ ಫೋಟೋ ಐತಿ. ಬರ್ರಿ, ಅದರ ಮ್ಯಾಲನ ಉಗುಳ್ರಿ.”

ಎಲ್ಲರೂ ತಲೆ ತಗ್ಗಿಸಿಕೊಂಡು ಅಲ್ಲಿಂದ ಸರಿದರು. ನಾಚಿಕೆಯಾಯಿತೇನೋ ಎಂದುಕೊಂಡೆ. ಅವರು ದಾರಿ ದಾಟಿ ಹೋಗಿ ಎದುರುಮನೆಯ ಗೋಡೆಗೆ ಉಗುಳಿದರು.

ಈಗ ಶೆಡ್ ನಾನೇ ನಡೆಸುತ್ತೇನೆ. ಅತ್ತೆ ನನ್ನ ಜೊತೆಗೇ ಇದ್ದಾರೆ. ಸಿಂಗಾಪುರ ಹೇಗಿದೆ ಎಂದು ಯಾರಾದರೂ ಕೇಳಿದರೆ ಛಲೋ ಐತಿ ಎಂದಷ್ಟೇ ಹೇಳುತ್ತೇನೆ. ಉಗುಳಬೇಡಿ ಎಂದು ಕೆಲಸದವರಿಗೆ ಎಷ್ಟು ಹೇಳಿದರೂ ಅಷ್ಟೇ. ಗ್ರೈಂಡಿಂಗ್ ಮಶೀನಿನ ಹಿಂದೆ ಎರಡು ಸಲ ಬಣ್ಣ ಬಳಿಸಿದೆ, ಎರಡು ಸಲವೂ ಕೆಂಪಾಯಿತು. ಕೊನೆಗೆ ದೇವರ ಚಿತ್ರದ ಟೈಲ್ಸ್ ಹಚ್ಚಿಸಿದೆ. ದೇವರನ್ನು ಬಿಟ್ಟು, ಎರಡು ದೇವರ ನಡುವಿನ ಜಾಗದಲ್ಲಿ ಉಗುಳುತ್ತಾರೆ. ಮೊನ್ನೆ ಲೇತ್ ನಡೆಸುವ ಹಳೆಯ ಟರ್ನರ್ ಒಬ್ಬ, “ಅಲ್ಲೆ ಮಾಲಕರ ಫೋಟೋ ಹಚ್ಚೋಣ್ರಿ ಅಕ್ಕಾ. ಅವರ ಮಾರಿ ನೋಡಿ ಯಾರೂ ಉಗುಳಾಂಗಿಲ್ಲ” ಎಂದ.

ಬೇಡವೆಂದೆ. ಆ ಗೋಡೆಗೆ ಎಲ್ಲರಿಗಿಂತ ಮೊದಲು ಉಗುಳಿದವರು ಯಾರೆಂದು ಅವನಿಗೂ ಗೊತ್ತು, ನನಗೂ ಗೊತ್ತು. ಅವನು ಹೋದ ಮೇಲೆ ಮೂಗಿಗೆ ಓಢಣಿ ಕಟ್ಟಿಕೊಂಡು ಆ ಗೋಡೆಗೆ ಒಂದು ಬಕೆಟ್ ನೀರು ಹೊಡೆದೆ. ಉಗುಳಲಿಕ್ಕಾದರೂ ಮಾಮಾ ಇರಬೇಕಾಗಿತ್ತು...