ಅಕ್ಕನ ಓಣಿಯ ಖಾಲಿ ಬಾಟಲಿಗಳು

ಮೊನ್ನೆ ನಾರಾಯಣಪೇಟೆಯ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಬರುತ್ತಿದ್ದಾಗ ಮೂಗಿಗೆ ನವಸಾಗರದ ಹೊಗೆ ಬಡಿಯಿತು. ಈಗಿನ ಮಕ್ಕಳಿಗೆ ಈ ವಾಸನೆ ಗೊತ್ತಿರಲಿಕ್ಕಿಲ್ಲ. ಹಿತ್ತಾಳೆ ಪಾತ್ರೆಯನ್ನು ಕೆಂಡದ ಮೇಲೆ ಕಾಯಿಸಿ, ನವಸಾಗರದ ಪುಡಿ ಉದುರಿಸಿ, ತವರದ ಕಡ್ಡಿ ಮುಟ್ಟಿಸಿ, ಅರಿವೆಯಿಂದ ತಿಕ್ಕಿದರೆ ಒಳಗೆಲ್ಲ ಬೆಳ್ಳಗೆ ಹೊಳೆಯುತ್ತದಲ್ಲ, ಆ ಕಲಾಯಿ ಕೆಲಸದ ಹೊಗೆ ಅದು. ಕಣ್ಣು ಉರಿಯಿತು, ಕೆಮ್ಮು ಬಂತು, ಆದರೂ ಐದು ನಿಮಿಷ ಅಲ್ಲೇ ನಿಂತೆ. ಎಂಟು ವರ್ಷದ ಹಿಂದೆ ಈ ಹೊಗೆ ಕಂಡರೆ ಜಗಳ ತೆಗೆಯುತ್ತಿದ್ದೆ. ಆ ಜಗಳದ ಕಥೆಯನ್ನು ಈಗ ನಗುತ್ತ ಹೇಳಬಲ್ಲೆ. ಹಾಗೆ ಹೇಳುವ ಸ್ಥಿತಿ ಬಂತಲ್ಲ ಎನ್ನುವುದೇ ನನಗೊಂದು ದೊಡ್ಡ ಸಮಾಧಾನ.

ನಾನು ತೆಲುಗು ಸೀಮೆಯ ಗಡಿಯ ಈ ಊರಿನ ಜೂನಿಯರ್ ಕಾಲೇಜಿನಲ್ಲಿ ಕೆಮಿಸ್ಟ್ರಿ ಕಲಿಸಿ ರಿಟೈರಾದವನು. ಮನೆಯಲ್ಲಿ ಕನ್ನಡ, ಕ್ಲಾಸಿನಲ್ಲಿ ತೆಲುಗು, ಬಜಾರಿನಲ್ಲಿ ದಖನಿ ಉರ್ದು. ಮೂರರಲ್ಲೂ ಸರಿಸಮವಾಗಿ ಜಂಬ ಕೊಚ್ಚಿಕೊಳ್ಳಬಲ್ಲೆ. ನಮ್ಮ ಪ್ರಯೋಗಶಾಲೆಯ ಬೀಗದ ಕೈ ಒಬ್ಬ ಗುಮಾಸ್ತರ ಹತ್ತಿರ ಇರುತ್ತಿತ್ತು, ಆ ಗುಮಾಸ್ತರು ರಜೆಯ ಮೇಲೆ ಇರುತ್ತಿದ್ದರು. ಆದ್ದರಿಂದ ನನ್ನ ಹುಡುಗರು ಆಮ್ಲ, ಕ್ಷಾರ ಎಲ್ಲವನ್ನೂ ಕರಿಹಲಗೆಯ ಮೇಲೆಯೇ ಬೆರೆಸಿ, ಅಲ್ಲೇ ಬಣ್ಣ ಬದಲಾಗುವುದನ್ನು ನೋಡಿ, ಅಲ್ಲೇ ಪಾಸಾಗುತ್ತಿದ್ದರು. ಇಂಥ ವಿಜ್ಞಾನಿ ನಾನು ಎಂಬುದು ನಿಮಗೆ ಮೊದಲೇ ತಿಳಿದಿರುವುದು ಒಳ್ಳೆಯದು.

ನನ್ನ ಅಕ್ಕ ಶಂಕರಮ್ಮ ಇರುವುದು ಮಕ್ತಲ್‌ನಲ್ಲಿ. ಆ ವರ್ಷ ಅವಳ ಮಗಳು ಗಿರಿಜಾ ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದಿದ್ದಳು. ಬಂದ ಒಂದೆರಡು ತಿಂಗಳಿಗೆ ಹುಡುಗಿ ಸೊರಗಿದಳು. ಹೊಟ್ಟೆ ಹಿಂಡಿದ ಹಾಗೆ ನೋವು, ಮುಖ ಬಿಳಿಚಿಕೊಂಡಿತ್ತು, ಊಟ ಸೇರುತ್ತಿರಲಿಲ್ಲ. ಬಸುರಿಗೆ ಇವೆಲ್ಲ ಇದ್ದದ್ದೇ ಎಂದು ಓಣಿಯ ಹೆಂಗಸರು ತೀರ್ಪು ಕೊಟ್ಟರು. ಪಾಲಮೂರಿನ ಡಾಕ್ಟರಮ್ಮ ಮಾತ್ರ ಬಾಯಿ ತೆರೆಸಿ ನೋಡಿ, ವಸಡಿನ ಅಂಚಿನಲ್ಲಿ ಸಣ್ಣದೊಂದು ನೀಲಿ ಗೆರೆ ಕಂಡು, ರಕ್ತವನ್ನು ಹೈದರಾಬಾದಿಗೆ ಕಳಿಸಿದರು. ಉತ್ತರ ಬಂತು: ರಕ್ತದಲ್ಲಿ ಸೀಸ. ಅದು ತಾಯಿಯಿಂದ ಕೂಸಿಗೆ ಹೋಗುತ್ತದೆ, ಕೂಸಿನ ಮಿದುಳಿಗೆ ಪೆಟ್ಟು ಕೊಡಬಹುದು, ಎಲ್ಲಿಂದ ಬರುತ್ತಿದೆ ಎಂದು ಮೊದಲು ಹುಡುಕಿರಿ ಎಂದರು ಡಾಕ್ಟರಮ್ಮ. ಅಕ್ಕ ನನ್ನ ಮುಖ ನೋಡಿದಳು. ಮನೆತನಕ್ಕೆಲ್ಲ ಕೆಮಿಸ್ಟ್ರಿ ಓದಿದವನು ನಾನೊಬ್ಬನೇ.

ನಾನು ಹುಡುಕಲಿಲ್ಲ. ನನಗೆ ಆಗಲೇ ಗೊತ್ತಿತ್ತು! ಅಕ್ಕನ ಮನೆಯಲ್ಲಿ ಹುಳಿ ಸೊಪ್ಪಿನ ಪುಂಡಿಪಲ್ಲೆ, ಹುಣಸೆ ಸಾರು ಎಲ್ಲ ಹಿತ್ತಾಳೆ ಬೋಗಾಣಿಯಲ್ಲಿ ಆಗಬೇಕು. ಬೋಗಾಣಿಗೆ ಕಲಾಯಿ. ಕಲಾಯಿಯ ತವರದಲ್ಲಿ ಅಗ್ಗದ ಸೀಸ ಬೆರೆಸುವವರು ಇದ್ದಾರೆಂದು ನಾನೇ ಎಷ್ಟೋ ಸಲ ಪಾಠ ಹೇಳಿದ್ದೆ. ಹುಳಿ ಬಿದ್ದರೆ ಸೀಸ ಕರಗುತ್ತದೆ. ಲೆಕ್ಕ ಸರಿಹೋಯಿತು. ಮರುದಿನವೇ ಹೋಗಿ ಆ ಓಣಿಗೆಲ್ಲ ಕಲಾಯಿ ಹಾಕುತ್ತಿದ್ದ ಖಾಜಾಮಿಯಾನನ್ನು ಅವನ ಕುಲುಮೆಯ ಮುಂದೆಯೇ ಹಿಡಿದೆ. ನನಗಿಂತ ಹಿರಿಯ ಮನುಷ್ಯ. ನನ್ನ ಬಾಯಲ್ಲಿ ಬಂದದ್ದು ಏಕವಚನ.

"ತವರದಾಗ ಸೀಸಾ ಬೆರಸ್ತಿ ಹೌದಲ್ಲ?"

"ತೋಬಾ ತೋಬಾ! ಅಸಲಿ ಖಲೈ ಐತ್ರಿ ಸಾರ್. ಕಿವಿ ಇಲ್ಲಿ ತರ್ರಿ, ಕಡ್ಡಿ ಬಗ್ಗಸ್ತೀನಿ. ಅಸಲಿ ಇದ್ರ ಅಳ್ತೈತಿ, ಮಿಲಾವಟ್ ಇದ್ರ ಮೂಕ ಇರ್ತೈತಿ."

"ತವರ ಅಳ್ತೈತಿ ಅಂತ ನನಗ ಹೇಳಾಕ ಬಂದಿಯೇನು? ನಾ ಕೆಮಿಸ್ಟ್ರಿ ಮಾಸ್ತರ."

ಅವನು ಕಡ್ಡಿಯನ್ನು ಚಾಚಿದ ಕೈ ಹಾಗೇ ಇತ್ತು, ನಾನು ತಿರುಗಿ ಬಂದೆ. ಓಣಿಯಲ್ಲಿ ಮನೆಮನೆಗೆ ಹೋಗಿ ಅವನ ಕೈಗೆ ಪಾತ್ರೆ ಕೊಡಬೇಡಿರೆಂದೆ. ಅಕ್ಕನ ಬೋಗಾಣಿಗಳನ್ನೆಲ್ಲ ಅಟ್ಟಕ್ಕೇರಿಸಿ ಸ್ಟೀಲಿನವು ಇಳಿಸಿದೆ. ಒಂದು ವಾರದೊಳಗೆ ಖಾಜಾಮಿಯಾ ಗಾಳಿ ಊದುವ ತಿದಿ ಮಡಚಿಟ್ಟುಕೊಂಡು ಧನ್ವಾಡದ ಕಡೆಗೆ ಹೋದನಂತೆ.

ಆ ದಿನಗಳಲ್ಲೇ ನನ್ನ ಹಳೆಯ ವಿದ್ಯಾರ್ಥಿನಿ ವಸುಧಾ ಫೋನ್ ಮಾಡಿದಳು. ಗದ್ವಾಲಿನ ಅರ್ಚಕರ ಮನೆಯ ಹುಡುಗಿ. ನನ್ನ ಕರಿಹಲಗೆಯ ಪ್ರಯೋಗಗಳನ್ನು ದಾಟಿಯೂ ಹೇಗೋ ನಿಜವಾದ ವಿಜ್ಞಾನಿ ಆದಳು. ಹಡಗಿನಲ್ಲಿ ತಿಂಗಳುಗಟ್ಟಲೆ ಇದ್ದು ಸಮುದ್ರದ ನೀರಿನಲ್ಲಿ ಸೀಸ, ಪಾದರಸ ಎಷ್ಟೆಷ್ಟು ಇದೆಯೆಂದು ಅಳೆಯುವುದು ಅವಳ ಕೆಲಸ. ಕೃಷ್ಣೆಯ ದಂಡೆಯಲ್ಲಿ ಬೆಳೆದ ನಮಗೆ ಸಮುದ್ರವೆಂದರೆ ಕ್ಯಾಲೆಂಡರಿನ ಚಿತ್ರ. ಆಗ ಅವಳು ರಜೆಗೆ ಗದ್ವಾಲಿಗೆ ಬಂದಿದ್ದಳು. ನಾನು ನನ್ನ ಪತ್ತೇದಾರಿಕೆಯನ್ನು ಬಣ್ಣಿಸಿ ಹೊಗಳಿಕೆಗೆ ಕಾದೆ.

"ಸೀಸ ಎಷ್ಟೈತಿ ಅಂತ ಅಳತಿ ಮಾಡಿ ನೋಡೀರೇನು ಸರ್?" ಎಂದಳು.

ಇಲ್ಲ ಎಂದೆ. ಎರಡನೇ ದಿನ ಗದ್ವಾಲಿನ ಬಸ್ಸು ಹತ್ತಿ ಮಕ್ತಲ್ಲಿಗೆ ಬಂದಳು, ಚೀಲದ ತುಂಬ ಬಿಳಿ ಪ್ಲಾಸ್ಟಿಕ್ ಬಾಟಲಿ. ಅಟ್ಟದಿಂದ ಬೋಗಾಣಿ ಇಳಿಸಲು ಹೇಳಿದಳು. ಬೋಗಾಣಿ ಇನ್ನೂ ಬಳಸುತ್ತಿದ್ದ ಓಣಿಯ ಬೇರೆ ಮನೆಗಳಿಗೂ ಹೋದೆವು. ಮನೆಗೆ ಎರಡೆರಡು ಬಾಟಲಿ. ಒಂದರಲ್ಲಿ ಬೋಗಾಣಿಯಲ್ಲಿ ಕುದಿಸಿದ ಸಾರು ತುಂಬಬೇಕು. ಇನ್ನೊಂದರ ಮುಚ್ಚಳ ಒಲೆಯ ಹತ್ತಿರ ಒಂದು ಗಳಿಗೆ ತೆರೆದು, ಮುಚ್ಚಿ, ಖಾಲಿಯನ್ನೇ ತಿರುಗಿ ಕೊಡಬೇಕು.

ಖಾಲಿ ಯಾಕೆ ಎಂದು ನನಗೂ ಬಾಯಿ ಬಿಟ್ಟು ಕೇಳಲು ನಾಚಿಕೆ. ಅವಳೇ ಹೇಳಿದಳು. "ಹಡಗಿನ್ಯಾಗೂ ಹೀಂಗ ಮಾಡ್ತೀವಿ ಸರ್. ಹಡಗಿಂದೇ ಬಣ್ಣ, ಹೊಗಿ, ನಮ್ಮ ಕೈ, ಎಲ್ಲಾದ್ರಾಗೂ ಏನರ ಇರ್ತದ. ಖಾಲಿ ಬಾಟ್ಲಿ ಸಮುದ್ರಕ್ಕ ಒಯ್ದು, ತೆಗದು, ಮುಚ್ಚಿ ತರ್ತೀವಿ. ಅದರಾಗ ಏನು ಸಿಗ್ತದೋ ಅದು ನಮ್ಮ ಕೊಳಿ. ಅದು ಮೊದಲು ಗೊತ್ತಾಗಬೇಕು, ಆಮ್ಯಾಲೆ ಸಮುದ್ರದ್ದು."

ಇದನ್ನು ನಾನು ಓಣಿಯ ಹೆಂಗಸರಿಗೆ ಕನ್ನಡದಲ್ಲಿ ಒಂದು ಸಲ, ತೆಲುಗಿನಲ್ಲಿ ಒಂದು ಸಲ ಭಾಷಣ ಮಾಡಿ ತಿಳಿಸಿದೆ. "ಖಾಲೀನ ಕೊಡಬೇಕೇನ್ರೀ?" ಎಂದು ಒಬ್ಬಾಕೆ ಕೇಳಿದಳು. "ಖಾಲೀನ" ಎಂದೆ. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನನ್ನ ಪಾಠ ಚೆನ್ನಾಗಿ ತಲೆಗೆ ಹೋಯಿತೆಂದುಕೊಂಡೆ. ಮೂವತ್ತು ವರ್ಷ ಕ್ಲಾಸಿನಲ್ಲೂ ಹಾಗೇ ಅಂದುಕೊಂಡಿದ್ದೆ. ವಸುಧಾ ಬಾಟಲಿಗಳನ್ನು ಕಟ್ಟಿಕೊಂಡು ತನ್ನ ಲ್ಯಾಬಿಗೆ ಹೋದಳು.

ಅವಳ ಉತ್ತರ ಬರುವುದರೊಳಗೆ ಗಿರಿಜಾಳ ಎರಡನೇ ರಿಪೋರ್ಟು ಬಂತು. ಸೀಸ ಏರಿತ್ತು. ಬೋಗಾಣಿ ಅಟ್ಟ ಸೇರಿ ತಿಂಗಳಾಗಿತ್ತು, ಮನೆಯಲ್ಲೆಲ್ಲ ಸ್ಟೀಲು, ಆದರೂ ಏರಿತ್ತು. ಅಷ್ಟು ಭಯ ನನ್ನ ಜನ್ಮದಲ್ಲಿ ಪಟ್ಟವನಲ್ಲ. ಪಾಲಮೂರಿನಿಂದ ಬರುವಾಗ ಗಿರಿಜಾ ಬಸ್ಸಿನ ಕಿಟಕಿಗೆ ತಲೆ ಆನಿಸಿ, "ಮಾಮಾ, ಕೂಸಿಗೆ ಏನರೆ ಆತೇನು?" ಎಂದು ಕೇಳಿದಳು. ಏನೂ ಆಗುವುದಿಲ್ಲ ಎಂದೆ. ಧೈರ್ಯವಿದ್ದು ಹೇಳಿದ ಮಾತಲ್ಲ ಅದು.

ನಾಲ್ಕು ದಿನ ಬಿಟ್ಟು ವಸುಧಾ ಫೋನ್ ಮಾಡಿದಳು. ಸಾರಿನಲ್ಲಿ ಸೀಸ ಹೆಸರಿಗಷ್ಟೇ, ಹೆದರುವಂಥದ್ದಲ್ಲ. ಅಕ್ಕನ ಮನೆಯ ಖಾಲಿ ಬಾಟಲಿಯಲ್ಲಿ ಮಾತ್ರ ಹೇರಳ. ಮೊದಲು ಮಶೀನು ಕೆಟ್ಟಿದೆ ಎಂದುಕೊಂಡಳಂತೆ. ಆಮೇಲೆ ತನ್ನ ಕೈಯೇ ಕೊಳೆ ಎಂದುಕೊಂಡು ಮತ್ತೆ ಮತ್ತೆ ನೋಡಿದಳಂತೆ. ಕೊನೆಗೆ ಖಾಲಿ ಬಾಟಲಿಗಳನ್ನೆಲ್ಲ ಬೆಳಕಿಗೆ ಹಿಡಿದರೆ, ಒಂದರ ತಳದಲ್ಲಿ ನಾಲ್ಕು ಅಕ್ಕಿಕಾಳು, ಒಂದರಲ್ಲಿ ಅಡಿಕೆ ಚೂರು, ಉಳಿದವುಗಳಲ್ಲಿ ಅವಳು ಪರೀಕ್ಷೆಗೆಂದು ಹಾಕಿದ ನೀರು ಅಂಟಂಟು, ಅಂದರೆ ಸಕ್ಕರೆ. ಅಕ್ಕನದರಲ್ಲಿ ತಳ ಹಳದಿ.

ನಮ್ಮ ಸೀಮೆಯಲ್ಲಿ ಬಂದ ಪಾತ್ರೆಯನ್ನು ಬರಿದಾಗಿ ಯಾರೂ ತಿರುಗಿ ಕೊಡುವುದಿಲ್ಲ. ಮಜ್ಜಿಗೆ ಕಳಿಸಿದ ತಂಬಿಗೆಯಲ್ಲಿ ಒಂದು ಚಿಟಿಕೆ ಸಕ್ಕರೆಯಾದರೂ ಇಟ್ಟೇ ಕೊಡುವುದು. ಹುಟ್ಟಿದಾಗಿನಿಂದ ನೋಡಿದ್ದೇನೆ. ಅಂಥ ಓಣಿಗೆ ಎರಡು ಭಾಷೆಯಲ್ಲಿ ನಿಂತು "ಖಾಲಿ ಕೊಡಿ" ಎಂದು ಹೇಳಿದವನೂ ನಾನೇ.

ವಸುಧಾ ಮರುದಿನವೇ ಬಂದಳು. ನಾನು ಅಕ್ಕನನ್ನು ತರಾಟೆಗೆ ತೆಗೆದುಕೊಂಡೆ.

"ಬಾಟ್ಲ್ಯಾಗ ಏನ್ ಹಾಕಿದ್ದಿ?"

"ಏನೂ ಹಾಕಿಲ್ಲೋ. ಒಂದು ಚಿಟಿಕಿ ಅರಿಶಿಣ."

"ಖಾಲಿ ಕೊಡು ಅಂದಿದ್ನೆಲ್ಲ ಅಕ್ಕಾ!"

"ಮುತ್ತೈದಿ ಹುಡುಗಿ, ಮೊದಲನೇ ಸಲ ಮನಿಗೆ ಬಂದಾಳ. ಬರೇ ಬಾಟ್ಲಿ ಕೈಗೆ ಹೆಂಗ ಕೊಡಾಕ ಬರ್ತೈತಿ? ನಿನಗೇನು ತಿಳಿತೈತಿ, ಸುಮ್ನಿರು."

ವಸುಧಾ ಗದರಲಿಲ್ಲ. "ಆ ಅರಿಶಿಣದ ಡಬ್ಬಿ ಒಂದೀಟು ತೋರಸ್ರಿ ಅಮ್ಮಾ" ಎಂದಳು. ಅಕ್ಕ ಹೆಮ್ಮೆಯಿಂದ ತಂದಳು. "ಸಂತ್ಯಾಗ ನಾನ ಆರಿಸಿ ತಂದೀನವ್ವ. ಬಣ್ಣ ನೋಡು, ಬಂಗಾರ ಇದ್ದಂಗ ಐತಿ. ಅಡಿಗಿಗೆ ಬ್ಯಾರೆ ಐತಿ, ಗಿರಿಜಾ ಬಂದಾಗಿಂದ ಇದ್ನ ಬರೇ ಆಕಿ ಹಾಲಿಗೆ ಹಾಕಿ ಕೊಡ್ತೀನಿ. ಮೊದಲು ಮುಂಜಾನಿಗಷ್ಟ ಕೊಡ್ತಿದ್ದೆ, ಭಾಳ ಸೊರಗಿತಲ್ಲ, ಈಗ ಎರಡೂ ಹೊತ್ತು ಕೊಡಾಕ ಹತ್ತೀನಿ."

ವಸುಧಾ ನನ್ನ ಕಡೆ ನೋಡಿದಳು, ನಾನು ನೆಲ ನೋಡಿದೆ. ಅವಳು ಒಂದು ಚಮಚೆ ಅರಿಶಿಣ ಕಟ್ಟಿಕೊಂಡು ಹೋದಳು. ಹಾಲು ಅವತ್ತಿನಿಂದಲೇ ನಿಂತಿತು. ವಾರದೊಳಗೆ ಖಾತ್ರಿಯಾಯಿತು. ಪುಡಿ ಮಾಡುವ ಮೊದಲು ಅರಿಶಿಣದ ಕೊಂಬಿಗೆ ಹೊಳಪು ಬರಲೆಂದು ಎಲ್ಲೋ ಯಾರೋ ಸೀಸದ ಹಳದಿ ಬಣ್ಣ ತಿಕ್ಕಿದ್ದರು. ಸಂತೆಯಲ್ಲಿ ಮಾರಿದವನಿಗೂ ಅದು ಗೊತ್ತಿತ್ತೋ ಇಲ್ಲವೋ.

ಇದನ್ನು ಅಕ್ಕನಿಗೆ ಯಾರು ಹೇಳಬೇಕು? ನಾನೇ ಹೇಳಿದೆ. ಅಡುಗೆಮನೆಯ ಹೊಸ್ತಿಲ ಹತ್ತಿರ ಕೂತಿದ್ದಳು. ಕೇಳಿ ಅಳಲಿಲ್ಲ. "ಒಲ್ಲೆ ಅಂದ್ರೂ ಬಿಡ್ತಿರಲಿಲ್ಲೋ, ಮುಂದ ನಿಂತು ಕುಡಿಸ್ತಿದ್ದೆ" ಎಂದಳು. ಆದರೂ ನಿಜ ಹೇಳುತ್ತೇನೆ, ಅದೇ ಗಳಿಗೆಯಲ್ಲಿ ನನ್ನ ಎದೆಯ ಮೇಲಿನ ಬಂಡೆ ಇಳಿದಂತಾಗಿತ್ತು. ಕಾರಣ ಸಿಕ್ಕಿತಲ್ಲ!

ಅಲ್ಲಿಂದ ಸೀದಾ ಧನ್ವಾಡಕ್ಕೆ ಹೋದೆ. ಖಾಜಾಮಿಯಾ ಅಂಗಡಿಗಳ ಸಾಲಿನ ಕೊನೆಗೆ ಬೇವಿನ ಮರದ ಕೆಳಗೆ ತಿದಿ ಒತ್ತುತ್ತಿದ್ದರು. "ತಪ್ಪಾತ್ರಿ ಖಾಜಾಮಿಯಾ, ನಿಮ್ಮ ತವರದಾಗ ಏನೂ ಇರಲಿಲ್ಲ" ಎಂದೆ. ಅವರು ತವರದ ಕಡ್ಡಿಯೊಂದನ್ನು ಎತ್ತಿಕೊಂಡು ನನ್ನ ಕಿವಿಯ ಹತ್ತಿರ ಬಗ್ಗಿಸಿದರು. ಚಿರಚಿರ ಎಂದು ಸಣ್ಣ ಸದ್ದು, ಹಲ್ಲಿನಲ್ಲಿ ಹರಳು ಉಪ್ಪು ಕಡಿದ ಹಾಗೆ. ತವರದ ಒಳಗಿನ ಹರಳುಗಳು ಜರುಗುವ ಸದ್ದು ಅದು. ನನ್ನ ಟೆಕ್ಸ್ಟ್ ಬುಕ್ಕಿನಲ್ಲೇ ಒಂದು ಸಾಲು ಇತ್ತು, ಪರೀಕ್ಷೆಗೆ ಬರುವುದಿಲ್ಲವೆಂದು ವರ್ಷವರ್ಷವೂ ಹಾರಿಸುತ್ತಿದ್ದೆ. "ಅವತ್ತ ಕೇಳಿದ್ರ ಆಗಿರ್ತಿತ್ತಲ್ಲ ಸಾರ್" ಎಂದರು, ಅಷ್ಟೇ. "ಹುಡುಗಿ ಹೆಂಗ ಐತಿ?" ಎಂದು ಕೇಳಿದ್ದೂ ಅವರೇ. ಮಕ್ತಲ್ಲಿಗೆ ಕರೆದುಕೊಂಡು ಬಂದು, ಯಾವ ಮನೆಗಳಲ್ಲಿ ಅವರ ಹೆಸರು ಕೆಡಿಸಿದ್ದೆನೋ ಆ ಮನೆಗಳ ಬಾಗಿಲಿಗೆಲ್ಲ ಮತ್ತೆ ಹೋದೆ. ಕೆಡಿಸಲು ಒಂದು ಮುಂಜಾನೆ ಸಾಕಾಗಿತ್ತು, ಸರಿಪಡಿಸಲು ಮೂರು ದಿನ ಹಿಡಿಯಿತು.

ಗಿರಿಜಾಳ ರಕ್ತದಲ್ಲಿ ಸೀಸ ನಿಧಾನಕ್ಕೆ ಇಳಿಯಿತು. ಹೆಣ್ಣು ಕೂಸು ಹುಟ್ಟಿತು, ಆಸ್ಪತ್ರೆಯ ಹೊರಗಿನ ಚಹಾದ ಅಂಗಡಿಯವನಿಗೂ ಕೇಳುವಂತೆ ಅತ್ತಿತು. ಲೀಲಾ ಎಂದು ಹೆಸರಿಟ್ಟರು. ಡಾಕ್ಟರಮ್ಮ ಮಾತ್ರ, ಸದ್ಯ ಚೆನ್ನಾಗಿದೆ, ಆದರೆ ಮಾತು, ನೆನಪು, ಕಲಿಕೆ ಇವುಗಳ ಮೇಲೆ ಕಣ್ಣಿಡಿರಿ, ಅದು ವರ್ಷಗಳು ಕಳೆದರೇ ತಿಳಿಯುವುದು ಎಂದುಬಿಟ್ಟರು.

ಆ ಮಾತು ಅಕ್ಕನ ತಲೆಯೊಳಗೆ ಮನೆ ಮಾಡಿತು. ಗಿರಿಜಾ ರಜೆಗೆ ಬಂದಾಗಲೆಲ್ಲ ಅಕ್ಕನ ಪರೀಕ್ಷೆ ಶುರು. ಇದು ಯಾವ ಬಣ್ಣ? ಇವು ಎಷ್ಟು? ನಿನ್ನೆ ಏನು ಉಂಡಿ? ಲೀಲಾ ಉತ್ತರ ಹೇಳುವವರೆಗೆ ಅಕ್ಕನ ಉಸಿರು ಅರ್ಧಕ್ಕೆ ನಿಂತಿರುತ್ತಿತ್ತು. ಉತ್ತರ ಸರಿಯಾದರೆ ಆ ದಿನಕ್ಕೊಂದು ಬಿಡುಗಡೆ, ನಾಳೆ ಮತ್ತೆ ಅದೇ. ಮಗು ಶಾಲೆಯಲ್ಲಿ ಮುಂದಿದೆ, ಬಿಡು ಎಂದು ನಾವೆಲ್ಲ ಹೇಳಿದೆವು. ಅಕ್ಕ ಬಿಡಲಿಲ್ಲ.

ಹೋದ ಭಾನುವಾರ ನಾನು ಮಕ್ತಲ್ಲಿಗೆ ಹೋಗಿದ್ದೆ. ಅಜ್ಜಿ, ಮೊಮ್ಮಗಳು ಪಡಸಾಲೆಯಲ್ಲಿ ಶೇಂಗಾ ಸುಲಿಯುತ್ತಿದ್ದರು. ಲೀಲಾಗೆ ಈಗ ಏಳು ತುಂಬಿದೆ. ಅಕ್ಕ ಕಾಳು ಅಂಗೈಯಲ್ಲಿ ಹಿಡಿದು, "ಇವು ಎಷ್ಟವ್ವ?" ಎಂದಳು.

"ಅಜ್ಜೀ, ನಿನಗ ಗೊತ್ತಿದ್ದದ್ದ ದಿನಾ ಯಾಕ ಕೇಳ್ತಿ?" ಎಂದಿತು ಮಗು. "ನಿನಗ ಗೊತ್ತಿಲ್ಲದ್ದು ಏನರೆ ಕೇಳು."

ಅಕ್ಕ ಅಂಗೈಯನ್ನು ನಿಧಾನಕ್ಕೆ ಮಡಚಿದಳು. ಆಮೇಲೆ, ನನಗೂ ಕೇಳಿಸುವುದು ಕಷ್ಟ ಎನ್ನುವಷ್ಟು ಮೆಲ್ಲಗೆ, "ನನ್ನ ಮ್ಯಾಲ ಸಿಟ್ಟೈತೇನವ್ವ ನಿನಗ?" ಎಂದಳು.

ನಾನು ಪೇಪರ್ ಕೆಳಗಿಟ್ಟೆ. ಲೀಲಾ ಬಹಳ ಗಂಭೀರವಾಗಿ ಯೋಚಿಸಿತು.

"ಐತಿ" ಎಂದಿತು. "ನಿನ್ನೆ ಚೌಕಾಬಾರ ಆಡುವಾಗ, ನಾ ನೋಡಂಗಿಲ್ಲ ಅಂತ ನಿನ್ನ ಕಾಯಿ ಒಂದು ಮನಿ ಮುಂದ ಇಟ್ಟಿ. ನಾ ನೋಡೀನಿ."

"ಅದೊಂದೇನಾ?"

"ಅದೊಂದ."

ಅಕ್ಕ ನಗತೊಡಗಿದಳು. ನಗುತ್ತ ನಗುತ್ತ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅವಳು ಹಾಗೆ ನಕ್ಕಿದ್ದನ್ನು ಎಂಟು ವರ್ಷದಲ್ಲಿ ನಾನು ನೋಡಿರಲಿಲ್ಲ. ಶೇಂಗಾದ ಮೊರ ಬದಿಗೆ ಸರಿಸಿ, ನೆಲದ ಮೇಲೆ ಸೀಮೆಸುಣ್ಣದಿಂದ ಮತ್ತೆ ಮನೆ ಗೀಚಿ, ಕವಡೆಗಳನ್ನು ಮಗುವಿನ ಮುಂದೆ ಸುರಿದಳು.

"ತಗೋ, ನನ್ನ ಕಾಯಿ ಒಂದು ಮನಿ ಹಿಂದಕ್ಕ ಇಡು. ಅಲ್ಲಿಂದ ಆಡೋಣು."