ಹಿರಿಯರು ಉಣ್ಣುವ ಹೊತ್ತು

ಗ್ರೀಕ್ ಮತ್ತು ರೋಮನ್ ನಾಗರಿಕತೆಯ ಎಂ.ಎ.ಗೆ ಶರ್ಮಿಳಾ ಸೇರಿದಾಗ ಅವಳಿಗೆ ನಲವತ್ತು ದಾಟಿತ್ತು. ಓದುವುದಾದರೆ ಬಿ.ಎಡ್. ಓದಬಹುದಿತ್ತಲ್ಲ ಎಂದರು ಡೊಂಬಿವಲಿಯ ಪರಿಚಯದ ಹೆಂಗಸರು. ಠಾಣೆಯ ನೌಪಾಡಾದಲ್ಲಿ ಹೋಟೆಲು ನಡೆಸುವ ಗಂಡ ವಸಂತಕುಮಾರ ಮಾತ್ರ, "ಓದಲಿ ಬಿಡಿ. ಗಲ್ಲಾದಲ್ಲಿ ಕೂತು ನನ್ನ ತಪ್ಪು ಹುಡುಕುವುದಕ್ಕಿಂತ ರೋಮನರ ತಪ್ಪು ಹುಡುಕಲಿ" ಎಂದಿದ್ದ.

ಲೋಕಲ್ ರೈಲಿನ ಲೇಡೀಸ್ ಡಬ್ಬಿಯಲ್ಲಿ ನಿಂತುಕೊಂಡೇ ಅವಳು ಎರಡು ವರ್ಷ ಓದಿದಳು. ಕೊನೆಗೆ ಉಳಿದದ್ದು ಪ್ರಬಂಧವೊಂದೇ. ವಿಷಯ, ರೋಮನರು ಮನೆಯ ಸತ್ತವರಿಗೆ ಸಲ್ಲಿಸುತ್ತಿದ್ದ ಆಹಾರ. ಪದವಿ ಕೈಗೆ ಬಂದರೆ ಪಾಠ ಹೇಳಲು ಕರೆಯುವುದಾಗಿ ಕಲ್ಯಾಣದ ಕಾಲೇಜೊಂದು ಮಾತು ಕೊಟ್ಟಿತ್ತು. ಅವಳ ಬದುಕಿನ ಮೊದಲ ಕೆಲಸ. ಪ್ರಬಂಧವನ್ನು ಆನ್‌ಲೈನಿನಲ್ಲಿ ಸಲ್ಲಿಸಲು ಕೊನೆಯ ದಿನ ತುಳುವರ ಮಳೆಗಾಲದ ಆಟಿ ತಿಂಗಳ ಒಂದು ಭಾನುವಾರ. ಸಂಜೆ ಏಳಕ್ಕೆ ಮುಕ್ತಾಯ.

ಅದೇ ಭಾನುವಾರ ಮನೆಯಲ್ಲಿ ಹಿರಿಯರಿಗೆ ಬಡಿಸುವುದಿತ್ತು. ತೀರಿಕೊಂಡವರಿಗೆ ಆಟಿಯಲ್ಲಿ ಎಲೆ ಹಾಕಿ, ಕೋಳಿ ಸಾರು, ನೀರುದೋಸೆ ಬಡಿಸಿ, ಮನೆಯವರೆಲ್ಲ ಹೊರಗೆ ಬಂದು ಬಾಗಿಲು ಮುಚ್ಚಿಕೊಳ್ಳಬೇಕು. ಅವರು ಉಂಡೇಳುವ ತನಕ ಒಳಗೆ ಇಣುಕಬಾರದು. ಊರಲ್ಲಾದರೆ ಅಂಗಳವಿತ್ತು, ಇಲ್ಲಿ ಲಿಫ್ಟಿನ ಎದುರಿನ ಜಾಗ. ಎದುರುಮನೆಯ ಕುಲಕರ್ಣಿ ಕಾಕುವಿಗೂ ಇದು ಅಭ್ಯಾಸವಾಗಿ, ಆ ದಿನ ತಾನೇ ಕುರ್ಚಿಗಳನ್ನು ತಂದಿಡುತ್ತಿದ್ದಳು.

ಮಧ್ಯಾಹ್ನ ಕೊತ್ತಂಬರಿ ಬಿಡಿಸುತ್ತ ಶರ್ಮಿಳಾ ಅತ್ತೆ ಕಾಂಚನಾಳಿಗೆ ರೋಮನರ ಕತೆ ಹೇಳಿದ್ದಳು. ಮನೆಯ ಯಜಮಾನ ಬರಿಗಾಲಲ್ಲಿ ಎದ್ದು ಕಪ್ಪು ಅವರೆಯನ್ನು ಹಿಂದಕ್ಕೆಸೆಯುತ್ತಾನೆ, ತಿರುಗಿ ನೋಡುವುದಿಲ್ಲ, ಕಡೆಗೆ ಕಂಚು ಬಡಿದು 'ಹಿರಿಯರೇ, ಇನ್ನು ಹೊರಡಿ' ಅನ್ನುತ್ತಾನೆ.

"ಊಟ ಹಾಕಿ ಹೊರಗೆ ಅಟ್ಟುವುದಾ? ಮರ್ಯಾದೆ ಇಲ್ಲದ ಜನ," ಎಂದಿದ್ದಳು ಕಾಂಚನಾ. "ಅದೂ ಬರೀ ಅವರೆಕಾಳು. ಒಂದು ಕೋಳಿಗೂ ಗತಿ ಇರ್ಲಿಲ್ವಾ?"

ಸಂಜೆ ಬಡಿಸಿ, ದೀಪ ಹಚ್ಚಿ, ಬಾಗಿಲೆಳೆದು ಹೊರಗೆ ಕುಳಿತ ಮೇಲೆ ಶರ್ಮಿಳಾಳಿಗೆ ನೆನಪಾಯಿತು. ಎಲೆ ಹಾಕಲು ಜಾಗ ಮಾಡುವಾಗ ಲ್ಯಾಪ್‌ಟಾಪನ್ನು ಎತ್ತಿ ಫ್ರಿಜ್ಜಿನ ಮೇಲಿಟ್ಟಿದ್ದಳು. ಪ್ರಬಂಧ ಇದ್ದದ್ದು ಅದರಲ್ಲಿ ಮಾತ್ರ. ಅಡುಗೆಯ ಗಡಿಬಿಡಿಯಲ್ಲಿ ಸಲ್ಲಿಸುವುದು ಮರೆತೇ ಹೋಗಿತ್ತು.

"ಎಂತಾಯ್ತು?" ಎಂದ ವಸಂತಕುಮಾರ. ಅವಳು ಹೇಳಿದಳು.

"ಅಷ್ಟೇ ಅಲ್ವಾ? ನಾನು ಕಣ್ಣು ಮುಚ್ಚಿಕೊಂಡು ಹೋಗಿ ತರ್ತೇನೆ."

"ಕಣ್ಣು ಬಿಟ್ಟುಕೊಂಡೇ ನಿನಗೆ ಫ್ರಿಜ್ಜಿನಲ್ಲಿ ಮೊಸರು ಸಿಗುವುದಿಲ್ಲ," ಎಂದಳು ಕಾಂಚನಾ. ಆಮೇಲೆ ಸೊಸೆಯ ಮುಖ ನೋಡಿ, "ನಿನ್ನ ಮಾವ ಮೊದಲಿಂದಲೂ ನಿಧಾನಕ್ಕೆ ಉಣ್ಣುವವರು. ನಾನೆಂತ ಮಾಡ್ಲಿ?" ಎಂದಳು. ಬೇಡ ಎನ್ನಲಿಲ್ಲ, ಹೋಗು ಎಂದೂ ಅನ್ನಲಿಲ್ಲ.

ಕಾಕು ತನ್ನ ಬಾಗಿಲಿಂದ ತಲೆ ಹಾಕಿ, "ಝಾಲಂ ಕಾ ತ್ಯಾಂಚಂ ಜೇವಣ?" ಎಂದು ವಿಚಾರಿಸಿದಳು. ಅವರ ಊಟ ಇನ್ನೂ ಆಗಿಲ್ಲವೆಂದು ವಸಂತಕುಮಾರ ಕೈಯಾಡಿಸಿದ.

ಗಡಿಯಾರ ಏಳರ ಹತ್ತಿರ ಬಂತು. ವಸಂತಕುಮಾರ ಎದ್ದು ಬಾಗಿಲಿನ ಹಿಡಿಗೆ ಕೈ ಹಾಕಿದ. ಶರ್ಮಿಳಾ ಅವನ ಮಣಿಕಟ್ಟು ಹಿಡಿದಳು. ಒಳಗೆ ಯಾರೋ ಬಂದು ಕುಳಿತಿದ್ದಾರೆಂದು ಅವಳು ನಂಬಿದವಳಲ್ಲ. ಆದರೂ ಉಣ್ಣುತ್ತಿರುವವರ ನಡುವೆ ನುಗ್ಗಿ ತನ್ನ ವಸ್ತುವನ್ನು ಎತ್ತಿಕೊಂಡು ಬರುವುದನ್ನು ಊಹಿಸಿಕೊಂಡರೆ ಅವಳಿಗೆ ನಾಚಿಕೆಯಾಗುತ್ತಿತ್ತು.

"ಕೂತ್ಕೊಳ್ಳಿ," ಎಂದಳು.

"ಕಲ್ಯಾಣದ ಕೆಲಸ?"

"ಕೂತ್ಕೊಳ್ಳಿ ಮಾರಾಯ್ರೆ."

ಕಾಂಚನಾ ಎದ್ದು ಬಾಗಿಲು ತಟ್ಟಿ, ಕೆಮ್ಮಿ, ಒಳಗೆ ಕಾಲಿಟ್ಟಾಗ ಏಳು ದಾಟಿ ಬಹಳ ಹೊತ್ತಾಗಿತ್ತು. ಎಲೆಗಳು ಬಡಿಸಿದ ಹಾಗೇ ಇದ್ದವು, ಸಾರಿನ ಮೇಲೆ ಎಣ್ಣೆ ಕಟ್ಟಿತ್ತು. ಕಾಂಚನಾ ತನ್ನ ಗಂಡನ ಎಲೆಯಲ್ಲಿದ್ದ ಕೋಳಿಯ ಕಾಲನ್ನು ಸೊಸೆಯ ತಟ್ಟೆಗೆ ಹಾಕಿದಳು.

ಊಟ ಮುಗಿಸಿ ಶರ್ಮಿಳಾ ಲ್ಯಾಪ್‌ಟಾಪು ತೆರೆದಳು. ಸಲ್ಲಿಕೆಯ ಪುಟ ಮುಚ್ಚಿತ್ತು. ಬೇರೇನೂ ತೋಚದೆ ತಾನು ಬರೆದದ್ದನ್ನೇ ಓದತೊಡಗಿದಳು. ಮೂರನೆಯ ಅಧ್ಯಾಯದಲ್ಲಿ ಒಂದು ವಾಕ್ಯವಿತ್ತು: 'ಈ ಆಚರಣೆಗಳು ಕೇವಲ ಸಾಂಕೇತಿಕವಾಗಿದ್ದು, ರೋಮನ್ ಕುಟುಂಬಗಳು ಇದಕ್ಕಾಗಿ ಏನನ್ನೂ ಕಳೆದುಕೊಳ್ಳಬೇಕಾಗಿರಲಿಲ್ಲ.' ಅದನ್ನು ಎರಡು ಸಲ ಓದಿ ಅಳಿಸಿದಳು.

ಕಲ್ಯಾಣದ ಕೆಲಸ ಅದೇ ತಿಂಗಳು ಬೇರೆಯವರಿಗೆ ಹೋಯಿತು. ಪ್ರಬಂಧ ಮುಂದಿನ ಸೆಮಿಸ್ಟರಿನಲ್ಲಿ ಸಲ್ಲಿಕೆಯಾಯಿತು, ಒಂದು ವಾಕ್ಯ ಕಡಿಮೆಯಾಗಿ.